ಮೈಕ್ ಆಫ್ ಆದ ಮೇಲಿನ ಬಿಕ್ಕಳಿಕೆ

ನಮ್ಮೂರಲ್ಲಿ ಯಾರಿಗಾದರೂ ಬಿಕ್ಕಳಿಕೆ ಬಂದರೆ ನೀರು ಕೊಡುವ ಪದ್ಧತಿ ಇಲ್ಲ. "ಯಾರು?" ಎಂದು ಕೇಳುತ್ತೇವೆ. ಎಲ್ಲೋ ಇರುವ ಒಬ್ಬರು ನಮ್ಮನ್ನು ಮನಸ್ಸಿಗೆ ಹಚ್ಚಿಕೊಂಡು ನೆನೆದಾಗ ಬಿಕ್ಕಳಿಕೆ ಬರುತ್ತದೆ. ನೆನೆದವರ ಹೆಸರನ್ನು ನಾವೇ ಬಾಯಿಬಿಟ್ಟು ಹೇಳಿದರೆ ನಿಲ್ಲುತ್ತದೆ. ಬೇರೆ ಊರುಗಳಲ್ಲೂ ಹೀಗೆ ಹೇಳುತ್ತಾರಂತೆ, ಆದರೆ ಅಲ್ಲಿ ಅದು ಬರೀ ಮಾತು. ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ತರುವ ಮಾದೇಗೌಡರು ಗಾಡಿ ತಳ್ಳಿಕೊಂಡು ಬರುವಾಗ "ಸಾವಿತ್ರಮ್ಮ, ಜುಬೇದಾಬಿ, ಫಿಲೋಮಿನಾ ಟೀಚರು, ನಾಗರತ್ನಮ್ಮ" ಎಂದು ಬೀದಿಯ ಹೆಂಗಸರ ಹೆಸರನ್ನೆಲ್ಲ ಜಪ ಮಾಡುತ್ತ ಬರುತ್ತಾರೆ. ಯಾರ ಹೆಸರಿಗೆ ಬಿಕ್ಕಳಿಕೆ ನಿಂತಿತೋ ಆ ಮನೆಯಲ್ಲಿ ಸಿಲಿಂಡರ್ ಖಾಲಿಯಾಗಿದೆ ಎಂದು ಅರ್ಥ. ಹಬ್ಬ ಹತ್ತಿರ ಬಂದರೆ ಟೈಲರಿಗೆ ಎರಡು ತುತ್ತು ನೆಮ್ಮದಿಯಾಗಿ ಇಳಿಯುವುದಿಲ್ಲ. ನಮ್ಮ ವಾರ್ಡಿನ ಮೆಂಬರಿಗೆ ಗೆದ್ದ ಮೇಲೆ ಒಂದು ಬಿಕ್ಕಳಿಕೆಯೂ ಬರದೆ, ಜನ ತನ್ನನ್ನು ಮರೆತೇಬಿಟ್ಟರು ಎಂದು ಬೇಜಾರಾಗಿ, ಅವರೇ ರಾತ್ರೋರಾತ್ರಿ ಬೀದಿ ನಲ್ಲಿ ಕೆಡಿಸಿದರು ಎಂದು ನಮ್ಮಜ್ಜಿ ಹೇಳುತ್ತಾಳೆ. ಮರುದಿನ ಪಾಪ, ಮೆಂಬರಿಗೆ ಬಾಯಿ ಮುಚ್ಚಲು ಬಿಡುವಿರಲಿಲ್ಲವಂತೆ.

ಇದರಿಂದಾಗಿ ನಮ್ಮಲ್ಲಿ ಒಂದು ಮರ್ಯಾದೆ ಬೆಳೆದಿದೆ. ಯಾರನ್ನಾದರೂ ಮೊದಲ ಸಲ ಕಂಡ ಕೂಡಲೇ ನಮ್ಮ ಹೆಸರು ಕೊಡಬೇಕು. "ನಾನು ಇಂಥವನು, ಇಟ್ಕೊಂಡಿರಿ" ಎನ್ನುತ್ತಾರೆ. ನಾಳೆ ನಾವು ಅವರನ್ನು ನೆನೆದು ಅವರು ಹೆಸರಿಲ್ಲದೆ ಬಿಕ್ಕುತ್ತ ಕೂರಬಾರದಲ್ಲ. ಹೆಸರು ಕೊಡದವರ ಹೆಸರನ್ನು ಇನ್ನೊಬ್ಬರ ಹತ್ತಿರ ವಿಚಾರಿಸುವುದು ಮಾತ್ರ ಮಹಾ ಅವಮಾನ, ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಇಣುಕಿದಂತೆ. ಇನ್ನು ಬೇರೆ ಕಡೆ ಹೆಂಡತಿಯರು ಗಂಡನ ಹೆಸರು ಹೇಳಲು ನಾಚುತ್ತಾರಂತೆ. ನಮ್ಮಲ್ಲಿ ನಾಚಿಕೊಂಡು ಕೂತರೆ ಜೀವ ಹೋಗುತ್ತದೆ, ಆದ್ದರಿಂದ ಎಲ್ಲರೂ ಹೇಳುತ್ತಾರೆ. ಹೇಳದವಳು ನಮ್ಮಜ್ಜಿ ಒಬ್ಬಳೇ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ಮಧ್ಯಾಹ್ನ ಊಟವಾಗಿ ಅಜ್ಜಿ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡಳೆಂದರೆ ಬಿಕ್ಕಳಿಕೆ ಶುರು. "ಹೆಸರು ಹೇಳಿಬಿಡಿ ಅತ್ತೆ, ಎದೆ ನೋಯುತ್ತೆ" ಎಂದು ಅಮ್ಮ ಬೇಡಿಕೊಳ್ಳುತ್ತಾಳೆ. "ಗಂಡನ ಹೆಸರು ಹೇಳಬಾರ್ದು ಕಣೆ" ಎನ್ನುತ್ತಾಳೆ ಅಜ್ಜಿ. "ಊರೆಲ್ಲ ಹೇಳುತ್ತೆ." "ಊರೆಲ್ಲ ಹೇಳ್ಲಿ ಬಿಡು." ಮುದುಕಿಯ ಹಟ ಎಂದು ನಾವು ಸುಮ್ಮನಾಗುತ್ತಿದ್ದೆವು.

ನನ್ನ ಹೆಸರು ಕೌಮುದಿ. ಇಟ್ಟುಕೊಂಡಿರಿ. ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬಂದಿದೆ ಎಂದು ಹೇಳುವವಳು ನಾನೇ. ಸಣ್ಣ ಗಾಜಿನ ಕೋಣೆ, ಒಂದು ಮೈಕು, ಒಂದು ಹಳೇ ಆಂಪ್ಲಿಫೈಯರು. ಆ ಕೆಲಸ ನನಗೆ ಪ್ರಾಣ. ನಾನು ಒಂದು ಮಾತು ಹೇಳಿದರೆ ನೂರಾರು ಜನ ಗಂಟುಮೂಟೆ ಎತ್ತಿಕೊಂಡು ಎದ್ದು ನಿಲ್ಲುತ್ತಾರೆ. ಮನೆಯಲ್ಲಿ ನನ್ನ ಮಾತಿಗೆ ಬೆಕ್ಕೂ ಏಳುವುದಿಲ್ಲ. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮುಖ್ಯ ಕಚೇರಿಯವರು ರೆಕಾರ್ಡ್ ಮಾಡಿದ ದನಿಯ ಯಂತ್ರವೊಂದನ್ನು ತರಿಸುವ ಯೋಚನೆಯಲ್ಲಿದ್ದರು. ಯಂತ್ರವನ್ನು ಯಾರೂ ನೆನೆಸಿಕೊಳ್ಳುವುದಿಲ್ಲ, ಹಾಗಾಗಿ ಅದು ಬಿಕ್ಕುವುದೂ ಇಲ್ಲ. "ಒಬ್ಬ ಸಾಹೇಬ್ರು ಬಂದು ನಿನ್ನ ದನಿ ಕೇಳ್ತಾರೆ. ಬಿಕ್ಕದೆ ಹೇಳಿದ್ರೆ ಕೆಲಸ ನಿನ್ನದು, ಇಲ್ಲಾಂದ್ರೆ ಯಂತ್ರದ್ದು. ನೀನು ಪ್ರಯಾಣಿಕರು ಮರೆತುಹೋದ ಛತ್ರಿ ಕಾಯ್ಕೊಂಡು ಗೋಡೌನಲ್ಲಿ ಕೂರ್ತೀಯ" ಎಂದು ಕಂಟ್ರೋಲರ್ ಗುರುಶಾಂತಪ್ಪನವರು ಮೊದಲೇ ಹೇಳಿದ್ದರು.

ಅದೇ ಹೊತ್ತಿಗೆ ಅಮ್ಮನಿಗೆ ನನ್ನ ಮದುವೆಯ ಹುಕಿ ಹತ್ತಿತು. ನಮ್ಮೂರಲ್ಲಿ ಹೆಣ್ಣು ನೋಡುವ ಶಾಸ್ತ್ರ, ಉಪ್ಪಿಟ್ಟು, ಜಮಖಾನ ಯಾವುದೂ ಇಲ್ಲ. ಹುಡುಗ ಹುಡುಗಿ ಎಲ್ಲಾದರೂ ಹೋಗಿ ಕಾಫಿ ಕುಡಿದು ಬರುತ್ತಾರೆ. ಆಮೇಲೆ ಎರಡು ಮನೆಯವರೂ ಬಿಕ್ಕಳಿಕೆಗೆ ಕಾಯುತ್ತ ಕೂರುತ್ತಾರೆ.

ಮೊದಲು ಬಂದವನು ಪ್ರಾಣೇಶ. ಕನ್ನಡಕದಂಗಡಿಯಲ್ಲಿ ಕಣ್ಣು ಅಳೆಯುತ್ತಿದ್ದ. ನಗು ಚೆನ್ನಾಗಿತ್ತು, ತನ್ನ ಪಾಲಿನ ಮದ್ದೂರು ವಡೆಯಲ್ಲಿ ಗರಿಗರಿ ಅಂಚನ್ನು ನನಗೇ ಬಿಟ್ಟ. ಇಷ್ಟವಾದ, ಸುಳ್ಳೇಕೆ ಹೇಳಲಿ. ರಾತ್ರಿ ಊಟಕ್ಕೆ ಕೂತಾಗ ಬಿಕ್ಕಳಿಕೆ ಬಂತು. "ಪ್ರಾಣೇಶ" ಎಂದೆ, ನಿಂತಿತು. ಅಮ್ಮ ನನ್ನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಮರುದಿನ ಬೆಳಿಗ್ಗೆ ಮೈಕ್ ಮುಂದೆ ಕೂತೆ. "ಪ್ರಯಾಣಿಕರ ಗಮನಕ್ಕೆ. ಗುಡ್ಡದಕೆರೆ ಮಾರ್ಗವಾಗಿ ನೀರ್ಬಾಗಿಲಿಗೆ ಹೋಗುವ, ಹಿಕ್, ಪ್ರಾಣೇಶ, ಬಸ್ಸು ಮೂರನೇ ಅಂಕಣದಲ್ಲಿ, ಹಿಕ್, ಪ್ರಾಣೇಶ, ನಿಂತಿದೆ." ಆ ಮಹಾರಾಯ ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಟ್ಟೂಬಿಡದೆ ನೆನೆದ. ಇಡೀ ನಿಲ್ದಾಣ ಪ್ರಾಣೇಶಮಯವಾಯಿತು. ನೀರ್ಬಾಗಿಲಿನಿಂದ ವೀಳ್ಯದೆಲೆ ಮಾರಲು ಬರುವ ಬೋರಜ್ಜ ಗಾಜಿನ ಕಿಂಡಿಗೆ ಮುಖ ತಂದು, "ತಾಯಿ, ಈ ಪ್ರಾಣೇಶ ಅನ್ನೋ ಊರು ಗುಡ್ಡದಕೆರೆಗಿಂತ ಮುಂದಾ, ಹಿಂದಾ? ಎಲೆಗೆ ಗಿರಾಕಿ ಐತಾ ಅಲ್ಲಿ?" ಎಂದು ಕೇಳಿದರು. ಅಂಥ ಊರಿಲ್ಲ ತಾತ ಎಂದರೆ ನಂಬಲಿಲ್ಲ. "ಮೈಕಲ್ಲಿ ಹೇಳಿದ ಮೇಲೆ ಇರಲೇಬೇಕು" ಎಂದು ಗೊಣಗಿಕೊಂಡು ಹೋದರು.

ಸಂಜೆ ಪ್ರಾಣೇಶನನ್ನು ಕಂಡು ಕೈಮುಗಿದೆ. "ನಾನು ಮೈಕ್ ಮುಂದೆ ಇರೋ ಹೊತ್ತು ಒಂದು ಬಿಟ್ಟು ಉಳಿದಾಗೆಲ್ಲ ನೆನೆಸ್ಕೊಳ್ಳಿ" ಎಂದೆ. ಅವನ ಮುಖ ಬಾಡಿತು. "ನೆನಪು ಅನ್ನೋದು ನಲ್ಲಿ ಅಲ್ಲ ಕೌಮುದಿ, ತಿರುಗಿಸಿ ನಿಲ್ಲಿಸೋಕೆ. ನಿಜವಾದ ಪ್ರೀತಿ ಇದ್ದವನಿಗೆ ಆಗಲ್ಲ" ಎಂದ. ಮರುದಿನ ಇನ್ನೂ ಜೋರಾಗಿ ನೆನೆದ. ಗುರುಶಾಂತಪ್ಪನವರು ಬಂದು, "ಇನ್ನೊಂದು ಸಲ ಈ ಪ್ರಾಣೇಶ ನನ್ನ ನಿಲ್ದಾಣಕ್ಕೆ ಬಂದ್ರೆ ನೀನು ಗೋಡೌನಿಗೆ ಹೋಗ್ತೀಯ" ಎಂದರು. ಪ್ರೀತಿ ಬೇಕೋ ಮೈಕು ಬೇಕೋ ಎಂಬ ಪ್ರಶ್ನೆ ಬಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ಪ್ರಾಣೇಶನಿಗೆ ಬೇಡವೆಂದೆ. ಕೋಪದಲ್ಲಿ ಮೂರು ರಾತ್ರಿ ನೆನೆದು ಆಮೇಲೆ ಸುಧಾರಿಸಿಕೊಂಡ.

ಎರಡನೆಯವನು ಶ್ರೀನಿಧಿ. ಮೇಷ್ಟ್ರು, ಗಂಭೀರ ಮನುಷ್ಯ. ಮಸಾಲೆ ದೋಸೆಯನ್ನೂ ಪಾಠದ ಹಾಗೆ ಮೂಲೆಯಿಂದ ಕ್ರಮವಾಗಿ ಮುಗಿಸುತ್ತಿದ್ದ. ದೋಸೆ ಅರ್ಧ ಆಗಿರಬೇಕು, ಅವನಿಗೇ ಬಿಕ್ಕಳಿಕೆ ಬಂತು. ತಲೆ ತಗ್ಗಿಸಿ, ಚಟ್ನಿ ಬಟ್ಟಲಿಗೆ ಹೇಳುವಂತೆ, "ವೈಜಯಂತಿ" ಎಂದ. ನಿಂತಿತು. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. "ಯಾರು?" ಎಂದೆ. "ಸಂಗೀತದ ಟೀಚರು. ನಮ್ಮ ಸ್ಕೂಲಲ್ಲೇ" ಎಂದ. "ದಿನಾ ಬರುತ್ತಾ?" "ದಿನಾ." "ಮತ್ತೆ ನನ್ನ ಜೊತೆ ಕೂತು ದೋಸೆ ಯಾಕೆ ತಿಂತಿದ್ದೀರಿ ಮೇಷ್ಟ್ರೇ? ಎದ್ದು ಹೋಗಿ." ಅವನು ನಿಜವಾಗಿ ಎದ್ದು ಹೋದ. ಅವನ ಉಳಿದರ್ಧ ದೋಸೆ ನಾನೇ ತಿಂದೆ. ಹೋಟೆಲಿನವರು ನನ್ನನ್ನು ಪಾಪ ಎಂಬಂತೆ ನೋಡುತ್ತಿದ್ದರು, ನನಗೋ ನಗು ತಡೆಯಲಾಗುತ್ತಿರಲಿಲ್ಲ. ಅವರ ಮದುವೆಗೆ ಹೋಗಿ ಹೋಳಿಗೆ ತಿಂದು ಬಂದೆ.

ಮೂರನೆಯವನು ಪರವೂರಿನವನು, ಹೊಸದಾಗಿ ವರ್ಗವಾಗಿ ಬಂದಿದ್ದ. ಕಾಫಿಗೆ ಕೂತವನು ಬಿಕ್ಕುತ್ತಲೇ ಇದ್ದ, ನೀರು ಕುಡಿಯುತ್ತಲೇ ಇದ್ದ. "ನಿಮ್ಮ ತಾಯಿ ಹೆಸರೇನು? ಒಂದು ಸಲ ಹೇಳಿ ನೋಡಿ" ಎಂದೆ. "ಗಿರಿಜಮ್ಮ" ಎಂದ. ಹಿಡಿದು ನಿಲ್ಲಿಸಿದಂತೆ ನಿಂತಿತು. ವಿಷಯ ತಿಳಿಸಿದೆ. ಈ ಊರಿಗೆ ಬಂದಾಗಿನಿಂದ ಬಿಡದೆ ಬಿಕ್ಕುತ್ತಿದ್ದೇನೆ ಎಂದು ಹೇಳುವಾಗ ಅವನ ಕಣ್ಣು ತುಂಬಿಬಂತು. ಮರುದಿನ ರಜೆ ಹಾಕಿ ತಾಯಿಯ ಬಳಿ ಹೊರಟ. ಅವನು ಹೋದ ಬಸ್ಸನ್ನು ಅಂಕಣಕ್ಕೆ ಕರೆದವಳೂ ನಾನೇ. ಅಂತೂ ಹೋದ ಪುಟ್ಟ, ಬಂದ ಪುಟ್ಟ ಎಂದಾಯಿತು ನನ್ನ ಕಾಫಿ ಪ್ರಯಾಣ.

ಇದೆಲ್ಲದರ ನಡುವೆ ಇನ್ನೊಂದು ಬಿಕ್ಕಳಿಕೆ ಇತ್ತು. ನನ್ನ ಪಾಳಿ ಮುಗಿದು, ಮೈಕ್ ಆಫ್ ಮಾಡಿ, ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಬರುತ್ತಿದ್ದ ಹಾಗೆ ಬರುತ್ತಿತ್ತು. ಜೋರಲ್ಲ, ಎದೆಯೊಳಗೆ ಯಾರೋ ಮೆಲ್ಲಗೆ ಬಾಗಿಲು ತಟ್ಟಿದ ಹಾಗೆ. ಮೊದಲು ಅಮ್ಮನ ಹೆಸರು ಹೇಳಿದೆ, ಅಜ್ಜಿಯ ಹೆಸರು ಹೇಳಿದೆ, ಗೆಳತಿಯರು, ಕಂಡಕ್ಟರುಗಳು, ಶಾಲೆಯಲ್ಲಿ ನನ್ನ ಜಡೆ ಎಳೆಯುತ್ತಿದ್ದವನು, ಎಲ್ಲರನ್ನೂ ಕರೆದೆ. ಯಾವ ಹೆಸರಿಗೂ ಜಗ್ಗಲಿಲ್ಲ. ಮನೆ ತಲುಪುವಷ್ಟರಲ್ಲಿ ತಾನಾಗಿ ನಿಲ್ಲುತ್ತಿತ್ತು. ಮೈಕ್ ಮುಂದೆ ಇರುವಾಗ ಮಾತ್ರ, ಮೊದಮೊದಲು ಕೆಲವು ಸಲ ಬಿಟ್ಟರೆ, ಬಂದದ್ದಿಲ್ಲ. ಒಂದು ವರ್ಷದಿಂದ ಹೀಗೇ. "ಯಾರೇ ಅದು?" ಎಂದು ಅಮ್ಮ ಕೇಳಿ ಕೇಳಿ ಸೋತಳು. ಅಜ್ಜಿ ಮಾತ್ರ, "ಬಿಡೆ, ಬರೋದು ಬರ್ಲಿ" ಎನ್ನುತ್ತಿದ್ದಳು.

ನನ್ನ ಆಂಪ್ಲಿಫೈಯರು ಆಗಾಗ ಗುಂಯ್‌ಗುಟ್ಟಿ ಕೆಡುತ್ತಿತ್ತು. ಅದನ್ನು ಸರಿಮಾಡಲು ಎದುರಿನ ಅಂಗಡಿಯವರು ಬರುತ್ತಿದ್ದರು. "ಮೈಕ್, ರೇಡಿಯೋ, ಫ್ಯಾನ್ ರಿಪೇರಿ" ಎಂದು ಬೋರ್ಡು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಮೊದಲ ದಿನ ನಾನು, "ಕೌಮುದಿ, ಇಟ್ಕೊಂಡಿರಿ" ಎಂದೆ. ಅವರು ತಲೆಯಾಡಿಸಿ ಸ್ಕ್ರೂ ಬಿಚ್ಚಲು ಶುರುಮಾಡಿದರು. ಹೆಸರು ಕೊಡಲಿಲ್ಲ. ಎಷ್ಟು ಜಂಬ ನೋಡು ಎಂದುಕೊಂಡೆ. ನಾನೇನು ಕಡಿಮೆ, ಆವತ್ತಿನಿಂದ "ಮೈಕಿನವರೇ" ಎಂದೇ ಕರೆದೆ. ಯಾರನ್ನಾದರೂ ಕೇಳಿದ್ದರೆ ಹೆಸರು ಸಿಗುತ್ತಿತ್ತು. ಕೇಳುವವಳು ನಾನಲ್ಲ.

ಸಾಹೇಬರು ಬರುವ ದಿನ ಗೊತ್ತಾಯಿತು. ಹಿಂದಿನ ದಿನ ಅಮ್ಮ ನಮ್ಮ ಬೀದಿಯನ್ನೂ ಪಕ್ಕದ ಬೀದಿಯನ್ನೂ ಸುತ್ತಿ ಬಂದಳು, ನನಗೆ ಹೇಳಲಿಲ್ಲ. ಬೆಳಿಗ್ಗೆ ಅವಳು ಹಣೆಗೆ ಕುಂಕುಮ ಇಟ್ಟು ಕಳಿಸಿದಳು, ನಾನು ಹೋಗಿ ಕೂತೆ. ಸಾಹೇಬರು ಹೊರಗೆ ಧ್ವನಿವರ್ಧಕದ ಕೆಳಗಿನ ಬೆಂಚಿನಲ್ಲಿ ಕಾಲು ಮೇಲೆ ಕಾಲು ಹಾಕಿಕೊಂಡು ಕೂತರು. ಆಂಪ್ಲಿಫೈಯರು ಕೈಕೊಡಬಾರದೆಂದು ಗುರುಶಾಂತಪ್ಪನವರು ಮೈಕಿನವರನ್ನು ನನ್ನ ಕೋಣೆಯಲ್ಲೇ, ಮೈಕ್ ಆನ್ ಆಫ್ ಮಾಡುವ ಗುಂಡಿಯ ಪಕ್ಕದಲ್ಲೇ ಕೂರಿಸಿದ್ದರು. "ಪ್ರಯಾಣಿಕರ ಗಮನಕ್ಕೆ" ಎಂದೆ. ಬಿಕ್ಕಳಿಕೆ ಬಂತು. "ಸುಭದ್ರ" ಎಂದೆ, ಅದು ಅಮ್ಮ. ನಿಂತಿತು. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು. "ಜುಬೇದಾಬಿ." ಮತ್ತೊಂದು. "ಫಿಲೋಮಿನಾ ಟೀಚರ್." ಆಗ ನನಗೆ ಅರ್ಥವಾಯಿತು. ಅಮ್ಮ ಮನೆಮನೆಗೂ ಹೋಗಿ, "ನಾಳೆ ಬೆಳಿಗ್ಗೆ ನಮ್ಮ ಕೌಮುದೀನ ಒಂಚೂರು ಮನಸ್ಸಲ್ಲಿ ನೆನೆಸ್ಕೊಂಡು ದೇವರಿಗೆ ಕೈ ಮುಗೀರಿ, ಅವಳಿಗೆ ಒಳ್ಳೇದಾಗ್ಲಿ" ಎಂದು ಕೇಳಿಕೊಂಡು ಬಂದಿದ್ದಳು. ಹುಟ್ಟಿದಾಗಿನಿಂದ ಈ ಊರಲ್ಲೇ ಇರುವ, ಊರಿಗೆಲ್ಲ ಬುದ್ಧಿ ಹೇಳುವ ನನ್ನಮ್ಮ. ಅಕ್ಕರೆ ಕಣ್ಣು ಕಟ್ಟಿದರೆ ಹೀಗೇ. ಎರಡು ಬೀದಿಯ ಜನ ದೀಪ ಹಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ನನ್ನನ್ನೇ ನೆನೆಯುತ್ತಿದ್ದರು.

ಮುಗಿಯಿತು, ಇನ್ನು ಛತ್ರಿ ಕಾಯುವುದೇ ಎಂದುಕೊಂಡೆ. ಆಗ ಪಕ್ಕದಿಂದ, ಮೈಕಿಗೆ ಕೇಳದಷ್ಟು ಮೆಲ್ಲಗೆ, "ನಿಲ್ಲಿಸಬೇಡಿ, ಹೇಳ್ತಾ ಹೋಗಿ" ಎಂದರು ಮೈಕಿನವರು. ಹೇಳುತ್ತ ಹೋದೆ. ಬಿಕ್ಕಳಿಕೆ ಬಂದರೆ ಹೆಸರು ಹೇಳುವುದು, ನಿಂತ ಕೂಡಲೇ ಬಸ್ಸಿನ ಊರು ಹೇಳುವುದು. ನಾಗರತ್ನಮ್ಮ, ನೀರ್ಬಾಗಿಲು, ಸಾವಿತ್ರಮ್ಮ, ಮೂರನೇ ಅಂಕಣ. ಮಾದೇಗೌಡರೂ ಸಿಲಿಂಡರ್ ಗಾಡಿ ನಿಲ್ಲಿಸಿ ನೆನೆದಿದ್ದರು. ಶ್ರೀನಿಧಿಯೂ ವೈಜಯಂತಿಯೂ ಜೋಡಿಯಾಗಿ ಬಂದರು. ಕೊನೆಗೆ ಪ್ರಾಣೇಶನೂ ಬಂದ. ಪಾಪ, ಒಳ್ಳೆಯದಾಗಲಿ ಎಂದೇ ನೆನೆದಿರಬೇಕು. ಹಿಂಡಿ ಹಾಕಿದ ಬಟ್ಟೆಯಂತಾಗಿ ಕೊನೆಯ ಬಸ್ಸು ಹೇಳಿ ಮುಗಿಸಿದೆ. ಬಾಗಿಲು ತೆಗೆದುಕೊಂಡು ಬಂದ ಸಾಹೇಬರು, "ಅಚ್ಚುಕಟ್ಟು. ಒಂದೊಂದು ಮಾತಿಗೂ ಬಿಡುವು ಕೊಟ್ಟು ಎಷ್ಟು ಚೆನ್ನಾಗಿ ಹೇಳ್ತೀರಮ್ಮ. ಯಂತ್ರ ಬೇಡ ಅಂತ ಬರೀತೀನಿ" ಎಂದು ಹೇಳಿ ಹೋದರು.

ನನಗೆ ತಲೆಬುಡ ತಿಳಿಯಲಿಲ್ಲ. ಮೈಕಿನವರ ಕಡೆ ತಿರುಗಿದೆ. ಅವರ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. "ಬಿಕ್ಕಳಿಕೆಗೆ ಮುಂಚೆ ನಿಮ್ಮ ಉಸಿರು ಒಂಚೂರು ಮೇಲಕ್ಕೆ ಹೋಗುತ್ತೆ. ಆಗ ಆಫ್ ಮಾಡ್ತಿದ್ದೆ. ಹೆಸರು ಹೇಳಿ ಮುಗಿದ ಮೇಲೆ ಆನ್" ಎಂದರು. "ಅದು ನಿಮಗೆ ಹೇಗೆ ಗೊತ್ತು?" ಎಂದೆ. "ದಿನಾ ಅಂಗಡೀಲಿ ಕೂತು ಕೇಳ್ತೀನಲ್ಲ" ಎಂದು ಮೈಕ್ ಪೂರ್ತಿ ಆಫ್ ಮಾಡಿದರು. ಗುಂಯ್ ಎನ್ನುವುದು ನಿಂತಿತು. ನನಗೆ ಬಿಕ್ಕಳಿಕೆ ಬಂತು. ಮೆಲ್ಲಗೆ, ಬಾಗಿಲು ತಟ್ಟಿದ ಹಾಗೆ.

ಊರವರ ಹೆಸರೆಲ್ಲ ಆವತ್ತು ಬೆಳಿಗ್ಗೆಯೇ ಹೇಳಿ ಮುಗಿಸಿದ್ದೆ. ಉಳಿದದ್ದು ಒಂದೇ, ಅದು ನನ್ನ ಹತ್ತಿರ ಇರಲಿಲ್ಲ. "ಯಾರು?" ಎಂದು ಅವರೇ ಕೇಳಿದರು, ನಮ್ಮೂರಿನವರ ಬಾಯಿಗೆ ಅದು ತಾನಾಗಿ ಬರುತ್ತದೆ. ಕೇಳಿದ ಮೇಲೆ ಅವರ ಕಿವಿ ಕೆಂಪಾಯಿತು. "ಅದನ್ನ ನೀವೇ ಹೇಳ್ಬೇಕು" ಎಂದೆ. ಸ್ವಲ್ಪ ಹೊತ್ತು ಸ್ಕ್ರೂಡ್ರೈವರನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ಮೈಕ್ ಆನ್ ಇರೋವಾಗ ನೆನೆಸ್ಕೊಳ್ಳಲ್ಲ. ನಿಮ್ಮ ಕೆಲಸ ಕೆಡುತ್ತೆ. ನಿಮ್ಮ ಪಾಳಿಗೆ ಅಂತಲೇ ಫ್ಯಾನ್ ಕಾಯಿಲ್ ಸುತ್ತೋ ಕೆಲಸ ಇಟ್ಕೋತೀನಿ. ಸುತ್ತು ಎಣಿಸ್ತಾ ಇರ್ಬೇಕು, ಒಂದು ತಪ್ಪಿದ್ರೆ ಮತ್ತೆ ಮೊದಲಿಂದ. ಬೇರೆ ಯೋಚನೆಗೆ ಜಾಗ ಇರಲ್ಲ. ಕಿವಿಗೆ ನಿಮ್ಮ ದನಿ ಬೀಳ್ತಿರುತ್ತೆ, ಮನಸ್ಸಿಗೆ ಬಿಟ್ಕೊಳ್ಳಲ್ಲ. ಮೈಕ್ ಆಫ್ ಆದ ಮೇಲೆ ಕೈ ಬಿಡ್ತೀನಿ" ಎಂದರು. "ತಪ್ಪಿಲ್ವಾ ಯಾವತ್ತೂ?" "ಮೊದಮೊದಲು ಎಷ್ಟೋ ಫ್ಯಾನ್ ಬಿಚ್ಚಿ ಬಿಚ್ಚಿ ಸುತ್ತಿದ್ದೀನಿ."

ನನಗೆ ಅಳು ಬಂತು. ನೆನೆಯುವುದೇ ಪ್ರೀತಿ ಎಂದು ನಮ್ಮೂರು ಹುಟ್ಟಿನಿಂದ ಕಲಿಸಿತ್ತು. ನನಗೋಸ್ಕರ ನೆನೆಯದೆ ಇರಲು ಒಬ್ಬರು ಇಷ್ಟು ಕಷ್ಟಪಡುತ್ತಾರೆ ಎಂದು ಯಾರೂ ಹೇಳಿರಲಿಲ್ಲ. "ಹೆಸರು ಯಾಕೆ ಕೊಡ್ಲಿಲ್ಲ?" ಎಂದು ಜಗಳದ ದನಿಯಲ್ಲೇ ಕೇಳಿದೆ. "ಕೊಟ್ಟಿದ್ರೆ ಮೊದಲನೇ ದಿನಾನೇ ಸಿಕ್ಕಿಬೀಳ್ತಿದ್ದೆ" ಎಂದರು. ಆಮೇಲೆ ಹತ್ತಿರ ಬಂದು ಹೆಸರು ಹೇಳಿ, "ಇಟ್ಕೊಂಡಿರಿ" ಎಂದರು.

ಬಿಕ್ಕುತ್ತಲೇ ಮನೆಗೆ ಬಂದೆ. ಅಮ್ಮ ಸುದ್ದಿ ಕೇಳಿ ಕುಣಿದಾಡಿ, ತಾನು ಮಾಡಿದ ಎಡವಟ್ಟು ಕೇಳಿ ಬಾಯಿಗೆ ಸೆರಗು ಹಚ್ಚಿ, ಪಾಯಸಕ್ಕೆ ಶ್ಯಾವಿಗೆ ಹುಡುಕಲು ಒಳಗೆ ಹೋದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು, ಅವಳಿಗೂ ಬಿಕ್ಕಳಿಕೆ ಶುರುವಾಗಿತ್ತು. ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಸರದಿಯಂತೆ ಬಿಕ್ಕಿದೆವು. "ಹೆಸರು ಸಿಕ್ತಾ?" ಎಂದಳು. "ಸಿಕ್ತು ಅಜ್ಜಿ." "ಹೇಳಿಬಿಟ್ಯಾ?" "ಇಲ್ಲ." ಅಜ್ಜಿ ನನ್ನ ಮುಖ ನೋಡಿದಳು. "ಹೇಳಿದ್ರೆ ನಿಂತೋಗುತ್ತಲ್ಲ ಅಜ್ಜಿ" ಎಂದೆ. "ಅಷ್ಟೇ ಕಣೆ" ಎಂದಳು ಅಜ್ಜಿ. ಗಂಡನ ಹೆಸರು, ಶಾಸ್ತ್ರ, ಹಟ ಯಾವುದೂ ಅಲ್ಲ. ಇಷ್ಟು ವರ್ಷ ಅಜ್ಜನನ್ನು ಅರ್ಧಕ್ಕೆ ತಡೆಯಬಾರದೆಂದು ಅವಳು ಎದೆನೋವು ತಡೆದುಕೊಂಡು ಕೂತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಮೈಕಿನವರ ಹೆಸರನ್ನು ಇಲ್ಲಿ ನಾನು ಬರೆಯದಿರುವುದಕ್ಕೂ ಕಾರಣ ಅದೇ.

ಮರುದಿನ ಬೇಗ ಹೋಗಿ ಟೀ ಅಂಗಡಿಯ ಮುಂದೆ ನಿಂತೆ. ಗಾಜಿನ ಕೋಣೆಯಲ್ಲಿ ಅವರು ನನ್ನ ಮೈಕನ್ನು ಪರೀಕ್ಷೆ ಮಾಡುತ್ತಿದ್ದರು. "ಹಲೋ, ಹಲೋ" ಎಂಬ ಅವರ ದನಿ ನಿಲ್ದಾಣದ ತುಂಬ ಕೇಳುತ್ತಿತ್ತು. ನನಗೆ ಹುಡುಗಾಟ ಬಂತು. ಟೀ ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ಮನಸ್ಸಿಟ್ಟು ಅವರನ್ನು ನೆನೆದೆ. "ಹಲೋ, ಹಿಕ್" ಎಂದಿತು ಮೈಕು. ನಾನು ಬಿಡಲಿಲ್ಲ, ಇನ್ನೂ ನೆನೆದೆ. "ಹಿಕ್. ಹಿಕ್." ಆಫ್ ಮಾಡುವ ಗುಂಡಿ ಅವರ ಕೈಯಳತೆಯಲ್ಲೇ ಇತ್ತು. ಅದನ್ನು ಒತ್ತಲಿಲ್ಲ. "ಕೌಮುದಿ" ಎಂದರು, ನಾಲ್ಕೂ ಧ್ವನಿವರ್ಧಕಗಳಲ್ಲಿ, ಎಲ್ಲ ಅಂಕಣಗಳಿಗೂ ಕೇಳುವಂತೆ. ಕಂಡಕ್ಟರುಗಳು ಸೀಟಿ ಊದಿದರು. ಗುರುಶಾಂತಪ್ಪನವರು ಟೀ ಕುಡಿಯುತ್ತ ಆಕಾಶ ನೋಡಿದರು.

ವೀಳ್ಯದೆಲೆಯ ಬುಟ್ಟಿ ಹೊತ್ತು ಬೋರಜ್ಜ ನೇರ ನನ್ನ ಹತ್ತಿರವೇ ಬಂದರು. "ತಾಯಿ, ಕೌಮುದಿಗೆ ಹೋಗೋ ಬಸ್ಸು ಯಾವ ಅಂಕಣದಾಗೆ?" ಎಂದರು. "ಅದರಲ್ಲಿ ಇದ್ದಿದ್ದು ಒಂದೇ ಸೀಟು ತಾತ. ತುಂಬಿಹೋಯ್ತು" ಎಂದೆ. ಹೇಳುತ್ತಿದ್ದ ಹಾಗೆ ನನಗೆ ಬಿಕ್ಕಳಿಕೆ ಬಂತು. ಬೋರಜ್ಜ ಪರವೂರಿನವರು, ಅವರಿಗೇನು ಗೊತ್ತು. ಬುಟ್ಟಿ ಇಳಿಸಿ, ಸೊಂಟದ ಚೀಲದಿಂದ ಬಾಟಲಿ ತೆಗೆದು, "ನೀರು ಕುಡಿ ತಾಯಿ, ನಿಂತೋಗುತ್ತೆ" ಎಂದು ಕೈ ಚಾಚಿದರು.

"ಬೇಡ ತಾತ, ಇರಲಿ" ಎಂದೆ.